ಐದು ಕಪ್ಪು ಲೋಟಗಳು

ಆಗಸ್ಟ್ ೯, ಭಾನುವಾರ

ನಿವೃತ್ತನಾದ ಮೇಲೆ ಒಂದು ತಿಂಗಳು ಕಳೆಯಿತು. ಈ ಅವಧಿಯಲ್ಲಿ ನಾನು ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿದೆ. ವ್ಯವಸ್ಥೆ ನಿರ್ದುಷ್ಟವಾಗಿಯೇ ಇತ್ತು. ಆದರೆ ಸಕ್ಕರೆಯ ಪಕ್ಕದಲ್ಲಿ ಸಾಬೂನುಪುಡಿ ಬಂದು ನಿಂತದ್ದರಿಂದ ನಿನ್ನೆ ಸಂಜೆಯ ಚಹಾದಲ್ಲಿ ನೊರೆ ಎದ್ದಿತು. ಚೀಟಿ ಓದದೆ ಕೈಹಾಕಿದ್ದು ಮನೆಯಾಕೆಯ ತಪ್ಪು. ಹಾಗೆಂದು ತಿಳಿಸಿದೆ.

"ಈ ಮನೇಲಿ ತಿದ್ದೋಕೆ ಇನ್ನು ಉಳಿದಿರೋದು ನಾನೊಬ್ಳೇ," ಎಂದಳು. "ನಾನು ಕೈಗೆ ಸಿಗೋಳಲ್ಲ. ನಾಳೆ ನಮ್ಮ ಜೊತೆ ಬನ್ನಿ. ನಿಮಗೂ ಗಾಳಿ ಆಡುತ್ತೆ, ಡಬ್ಬಿಗಳಿಗೂ ಆಡುತ್ತೆ."

'ನಮ್ಮ ಜೊತೆ' ಎಂದರೆ ಅವಳು ಮತ್ತು ಅವಳ ತಮ್ಮ, ಅಂದರೆ ನನ್ನ ಭಾವಮೈದುನ, ಹಲ್ಲಿನ ಡಾಕ್ಟರು. ಭಾನುವಾರಗಳಂದು ಇವರಿಬ್ಬರೂ ಸುತ್ತಮುತ್ತಲಿನ ವೈನರಿಗಳ ಸಮಾರಂಭಗಳಿಗೆ ಹೋಗುವ ರೂಢಿ ಎರಡು ವರ್ಷಗಳಿಂದ ಇದೆ. ಆ ಹೊತ್ತಿನಲ್ಲಿ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದುದರಿಂದ ಅದರ ಸ್ವರೂಪವನ್ನು ವಿಚಾರಿಸಿರಲಿಲ್ಲ.

ಇಳಿಜಾರಿನ ಮೇಲಿನ ವೈನರಿಗೆ ಹೋದೆವು. ನೆಲ ಒದ್ದೆ, ಉದ್ದನೆಯ ರಬ್ಬರ್ ಕೊಳವೆಗಳು, ಆಳೆತ್ತರದ ಉಕ್ಕಿನ ತೊಟ್ಟಿಗಳು, ಒಳಗೆ ಸಾಲುಸಾಲು ಪೀಪಾಯಿಗಳು. ಬಂದವರು ಲೋಟವನ್ನು ಗಿರ್ರನೆ ತಿರುಗಿಸಿ, ಮೂಗನ್ನು ಒಳಗಿಟ್ಟು, ಒಂದು ಗುಟುಕು ಬಾಯಲ್ಲಿ ಮುಕ್ಕಳಿಸಿ, ಬಕೆಟ್ಟಿಗೆ ಉಗುಳುತ್ತಾರೆ. ನನ್ನ ತರಗತಿಯಲ್ಲಿ ಇದಕ್ಕೆ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆಯಿತ್ತು.

ವೈನರಿಯ ಒಡತಿ ಮೊಣಕಾಲುದ್ದದ ಬೂಟು ತೊಟ್ಟ, ಗಟ್ಟಿ ದನಿಯ ಹೆಂಗಸು. ಹೊಸ ಪೀಪಾಯಿಯಿಂದ ಒಂದಿಷ್ಟು ತೆಗೆದು ಮನೆಯಾಕೆಗೆ ಕೊಟ್ಟು, "ನೀವು ಹೇಳಿ ಅಕ್ಕಾ," ಎಂದಳು.

ಮನೆಯಾಕೆ ಮೂಸಿ, ಕುಡಿದು, ಕಣ್ಣು ಮುಚ್ಚಿ, "ಒಂಥರಾ ಇದೆ," ಎಂದಳು.

"ಅಲ್ವಾ? ನಂಗೂ ಅದೇ ಅನ್ನಿಸ್ತು!" ಎಂದು ಒಡತಿ ಆ ಪೀಪಾಯಿಯನ್ನು ನೆರಳಿನ ಕಡೆಗೆ ಸರಿಸಲು ಆಳುಗಳಿಗೆ ಹೇಳಿದಳು.

'ಒಂಥರಾ' ಅರ್ಥಶೂನ್ಯವಾದ ಮಾತು. ಯಾವ ಥರವೆಂದು ಹೇಳದವರು ಏನನ್ನೂ ಹೇಳಿದಂತಾಗುವುದಿಲ್ಲ. ನನ್ನ ವೃತ್ತಿಜೀವನದುದ್ದಕ್ಕೂ ಅದನ್ನು ಕೆಂಪು ಶಾಯಿಯಿಂದ ಹೊಡೆದುಹಾಕಿದ್ದೇನೆ. ಅದರ ಆಧಾರದ ಮೇಲೆ ಪೀಪಾಯಿಗಳನ್ನು ಸರಿಸಲಾಗುತ್ತದೆಂಬುದು ನನಗೆ ಹೊಸ ಸಂಗತಿ.

ಆಗಸ್ಟ್ ೧೧, ಮಂಗಳವಾರ

ಮನೆಯಾಕೆಯ ಆಸೆಯೊಂದು ತಿಳಿದುಬಂದಿತು. ಮುಂದಿನ ತಿಂಗಳು ಪ್ರಾಂತೀಯ ವೈನ್ ಸ್ಪರ್ಧೆ ಇದೆ. ಅದರಲ್ಲಿ ವೈನರಿಗಳಿಗೆ ಪದಕಗಳು. ಸಾರ್ವಜನಿಕರಿಗೆ 'ಜೋಡಿ ಸ್ಪರ್ಧೆ' ಎಂಬುದೊಂದು ಪಂದ್ಯ. ಇಬ್ಬರ ನಡುವೆ ಪರದೆ. ಒಬ್ಬರಿಗೆ ಒಂದು ಲೋಟ ವೈನ್ ಕೊಡುತ್ತಾರೆ. ಅವರು ಕುಡಿದು, ಅದು ಹೇಗಿದೆಯೆಂದು ಒಂದು ನಿಮಿಷ ಮಾತಿನಲ್ಲಿ ಹೇಳಬೇಕು. ಆಚೆಯವರ ಮುಂದೆ ಐದು ಲೋಟಗಳಿರುತ್ತವೆ. ಅವರು ಅವುಗಳ ರುಚಿ ನೋಡಿ, ಅದೇ ವೈನ್ ಇರುವುದು ಯಾವುದರಲ್ಲೆಂದು ಆ ಮಾತಿನ ಆಧಾರದಿಂದಲೇ ಪತ್ತೆಹಚ್ಚಬೇಕು. ಬಣ್ಣ ಕಾಣದಿರಲೆಂದು ಲೋಟಗಳೆಲ್ಲ ಕಪ್ಪು ಗಾಜಿನವು. ದ್ರಾಕ್ಷಿಯ ಜಾತಿಯನ್ನಾಗಲಿ ವೈನರಿಯ ಹೆಸರನ್ನಾಗಲಿ ಹೇಳುವಂತಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಸಂಕೇತಗಳನ್ನು ಬಳಸುವಂತಿಲ್ಲ. ಯಾರು ಹೇಳುವವರು, ಯಾರು ಹುಡುಕುವವರು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ವೈನರಿಗಳಲ್ಲಿ ನಡೆಯುವ ಆಯ್ಕೆಯ ಸುತ್ತುಗಳಲ್ಲಿ ಗೆದ್ದ ಜೋಡಿಗಳು ಪ್ರಾಂತೀಯ ವೇದಿಕೆಗೆ ಹೋಗುತ್ತವೆ.

ನಿಯಮಗಳು ಸ್ಪಷ್ಟವಾಗಿವೆ. ಮೆಚ್ಚಿದೆ. ಭಾವಮೈದುನನೇ ಅವಳ ಜೊತೆಗಾರ.

ಗ್ರಂಥಾಲಯದಿಂದ ವೈನ್ ಕೈಪಿಡಿಯೊಂದನ್ನು ತಂದು ಓದಿದೆ. ಪಾರಿಭಾಷಿಕ ಪದಗಳು ಪರವಾಗಿಲ್ಲ. ಮುದ್ರಣದೋಷಗಳು ಹೇರಳ, ಪೆನ್ಸಿಲಿನಲ್ಲಿ ತಿದ್ದಿದ್ದೇನೆ.

ಆಗಸ್ಟ್ ೧೬, ಭಾನುವಾರ

ಭಾವಮೈದುನನಿಗೆ ನೆಗಡಿ. ಮೂಗು ಕಟ್ಟಿದವನು ವೈನಿನ ಮುಂದೆ ನಿಂತು ಪ್ರಯೋಜನವಿಲ್ಲವೆಂದು ಅವನ ಸ್ಥಾನದಲ್ಲಿ ನಾನು ನಿಂತೆ. ಹೊಳೆದಂಡೆಯ ವೈನರಿಯಲ್ಲಿ ಆಯ್ಕೆಯ ಸುತ್ತು. ಚೀಟಿಯಲ್ಲಿ ಹೇಳುವ ಕೆಲಸ ನನಗೆ ಬಂತು. ಸಂತೋಷವಾಯಿತು, ಏಕೆಂದರೆ ಹೇಳುವುದೇ ನನ್ನ ವೃತ್ತಿ.

ನಾನು ಹೇಳಿದ್ದನ್ನು ದಾಖಲೆಗಾಗಿ ಇಲ್ಲಿ ಬರೆದಿಡುತ್ತೇನೆ: "ಈ ವೈನಿನಲ್ಲಿ ಆಮ್ಲತೆ ಮಧ್ಯಮ ಪ್ರಮಾಣದ್ದಾಗಿದೆ. ಒಗರು ಸಂಯಮದಿಂದ ಕೂಡಿದೆ. ಮಾಗಿದ ಹಣ್ಣಿನ ಪರಿಮಳವು ಪ್ರಧಾನವಾಗಿದ್ದು, ಅಂತ್ಯವು ಸಮತೋಲಿತವಾಗಿದೆ." ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಮನೆಯಾಕೆ ತಪ್ಪು ಲೋಟವನ್ನು ಎತ್ತಿದಳು.

ಗೆದ್ದವರು ಔಷಧಿ ಅಂಗಡಿಯ ದಂಪತಿ. ಮೂರು ವರ್ಷದಿಂದಲೂ ಇವರದೇ ಗೆಲುವಂತೆ. ಗಂಡ ನನ್ನ ಹಳೆಯ ವಿದ್ಯಾರ್ಥಿ. ಬಳಿ ಬಂದು, "ಮೇಷ್ಟ್ರೇ, ನಿಮ್ಮ ವಾಕ್ಯ ಕೇಳ್ತಿದ್ದ ಹಾಗೇ ನಂಗೆ ಎದ್ದು ನಿಲ್ಬೇಕು ಅನ್ನಿಸ್ತು," ಎಂದ. ಒಳ್ಳೆಯ ಹುಡುಗ. ತಲೆ ಬೋಳಾಗುತ್ತಿದೆ.

ಬಸ್ಸಿನಲ್ಲಿ ಮನೆಯಾಕೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅಲಕ್ಷ್ಯದಿಂದ ಕೇಳಿಸಿಕೊಂಡಿರಬೇಕೆಂದು ನಾನು ಸೂಚಿಸಿದೆ.

"ಒಂದಕ್ಷರ ಬಿಡದೆ ಕೇಳಿದೀನಿ," ಎಂದಳು. "ನೀವು ಹೇಳಿದ್ದು ಐದು ಲೋಟಕ್ಕೂ ಸರಿಹೋಗುತ್ತೆ. ನಿಮಗೂ ಸರಿಹೋಗುತ್ತೆ. ಸಂಯಮ, ಸಮತೋಲನ! ನೀವು ಕುಡಿದ್ರೋ, ಪಾಠ ಮಾಡಿದ್ರೋ?"

"ಪದಗಳು ನಿಖರವಾಗಿದ್ದವು."

"ಪದ ನಿಖರ, ವೈನ್ ನಾಪತ್ತೆ."

ಆಗಸ್ಟ್ ೧೮, ಮಂಗಳವಾರ

ಭಾವಮೈದುನ ಗುಣಮುಖನಾಗಿ ಬಂದ. "ಬೇಜಾರು ಮಾಡ್ಕೋಬೇಡಿ ಭಾವ. ಕೊನೇ ಸುತ್ತಿಗೆ ಅಕ್ಕನ ಜೊತೆ ನಾನೇ ನಿಲ್ತೀನಿ. ನೀವು ಆರಾಮಾಗಿ ಕೂತು ಚಪ್ಪಾಳೆ ತಟ್ಟಿ," ಎಂದ. ನನಗೆ ಬೇಜಾರಿಲ್ಲವೆಂದು ತಿಳಿಸಿದೆ. ಎರಡು ಸಲ ತಿಳಿಸಬೇಕಾಯಿತು.

ಅವನು ಹೋದ ಮೇಲೆ ಮನೆಯಾಕೆ ತರಕಾರಿ ಹೆಚ್ಚುತ್ತ ಹೇಳಿದಳು: "ನಿಮ್ಮ ಸ್ಕೂಲಿನ ವಾರ್ಷಿಕೋತ್ಸವ ಒಂದೂ ಬಿಡದೆ ಬಂದಿದೀನಿ. ಪ್ರತಿ ವರ್ಷ ಎರಡನೇ ಸಾಲು. ನೀವು ಮೇಲೆ, ನಾನು ಕೆಳಗೆ. ಒಂದೇ ಒಂದು ಸಲ ನಾನು ಮೇಲೆ ನಿಂತು ನೋಡ್ಬೇಕು. ಅಷ್ಟೇ ನಂಗಿರೋ ಆಸೆ."

ಎರಡನೇ ಸಾಲು ಗೌರವದ ಸ್ಥಾನವೆಂದು ನಾನು ನೆನಪಿಸಿದೆ. ಚಾಕು ಹಲಗೆಯ ಮೇಲೆ ಸ್ವಲ್ಪ ಜೋರಾಗಿ ಬಿದ್ದಿತು.

ಆಗಸ್ಟ್ ೨೩, ಭಾನುವಾರ

ಭಾವಮೈದುನ ಮನೆಯಲ್ಲಿ ಅಭ್ಯಾಸ ನಡೆಸಲು ಬರಬೇಕಾಗಿತ್ತು. ಯಾರಿಗೋ ದವಡೆ ಊದಿಕೊಂಡು ಅವನಿಗೆ ಕರೆ ಬಂತು. ಬಾಟಲಿಗಳು ಆಗಲೇ ತೆರೆದಿದ್ದವು. "ಸುಮ್ನೆ ಕೂತಿರೋ ಬದಲು ನೀವೇ ಹುಡುಕಿ," ಎಂದಳು. ಕಪ್ಪು ಲೋಟಗಳಿಲ್ಲದ ಕಾರಣ ಸ್ಟೀಲ್ ಲೋಟಗಳಿಗೆ ಸುರಿದು, ನನ್ನ ಕಣ್ಣಿಗೆ ಕರವಸ್ತ್ರ ಕಟ್ಟಿದಳು.

ಮನೆಯಾಕೆ ಒಂದನ್ನು ಕುಡಿದು ಹೇಳಿದಳು: "ನಿಮ್ಮಪ್ಪನ ಮರದ ಪೆಟ್ಟಿಗೆ. ಮೇಲಿನ ಕೋಟು ತೆಗೆದ್ರೆ ಕೆಳಗಡೆ ಬಚ್ಚಿಟ್ಟ ಹೊಗೆಸೊಪ್ಪು ಸಿಗ್ತಿತ್ತಲ್ಲ, ಆ ಮೂಲೆ."

ಇದು ವರ್ಣನೆಯಲ್ಲ, ಚಾಡಿ, ಎಂದು ನಾನು ಆಕ್ಷೇಪಿಸಿದೆ. ಹಾಗೆ ಆಕ್ಷೇಪಿಸುತ್ತಿರುವಾಗಲೇ ನನ್ನ ಕೈ ಒಂದು ಲೋಟದ ಮೇಲೆ ನಿಂತಿತ್ತು. ಅದೇ ಆಗಿತ್ತು.

ಆಕಸ್ಮಿಕ.

ಎರಡನೆಯದಕ್ಕೆ, "ಪರೀಕ್ಷೆ ದಿನ ಬೆಳಿಗ್ಗೆ ನಿಮ್ಮ ಸ್ಟಾಫ್ ರೂಮು, ಕಿಟಕಿ ತೆಗೆಯೋಕೆ ಮುಂಚೆ," ಎಂದಳು. ಅದೂ ಸಿಕ್ಕಿತು. ಮೂರನೆಯದಕ್ಕೆ ಮಾತೇ ಆಡದೆ ನಕ್ಕಳು. ಅದು ನಿಯಮಬಾಹಿರವೆಂದು ಹೇಳುತ್ತಲೇ ಸರಿಯಾದ ಲೋಟವನ್ನು ಮುಂದೆ ತಳ್ಳಿದೆ. ಸತತವಾಗಿ ಸಂಭವಿಸುವ ಆಕಸ್ಮಿಕಗಳೂ ಉಂಟು.

ಅಭ್ಯಾಸದ ಉಳಿಕೆಯನ್ನು ಚೆಲ್ಲುವುದು ಸರಿಯಲ್ಲವೆಂದು ಇಬ್ಬರೂ ಕುಡಿದು ಮುಗಿಸಿದೆವು. ಮನೆಯಾಕೆ ನಗುವಾಗ ಮೂಗನ್ನು ಸೊಟ್ಟ ಮಾಡುತ್ತಾಳೆ. ಇದು ಮೊದಲಿನಿಂದಲೂ ಇತ್ತೇ, ಹೊಸದೇ, ಗಮನಿಸಬೇಕು.

ಆಗಸ್ಟ್ ೩೦, ಭಾನುವಾರ

ಇಳಿಜಾರಿನ ವೈನರಿಯಲ್ಲಿ ಕೊನೆಯ ಆಯ್ಕೆಯ ಸುತ್ತು. ಹೊರಡುವ ಮೊದಲು ಇವಳು ತಮ್ಮನಿಗೆ ಫೋನಿನಲ್ಲಿ, "ನಿಮ್ಮ ಭಾವನ್ನೇ ನಿಲ್ಲಿಸ್ತೀನಿ ಕಣೋ, ಹುಡುಕೋದ್ರಲ್ಲಿ ಪರವಾಗಿಲ್ಲ, ಮೂಗು ಉದ್ದ ಇದೆ," ಎಂದದ್ದು ಕೇಳಿಸಿತು. ಕೇಳಿಸದವನಂತೆ ಬೂಟಿಗೆ ಪಾಲಿಶ್ ಹಾಕಿದೆ. ಆಮೇಲೆ ನೋಡಿದರೆ ಒಂದೇ ಬೂಟಿಗೆ ಹಾಕಿದ್ದೆ.

ಅದೃಷ್ಟವಶಾತ್ ಚೀಟಿಯಲ್ಲಿ ಇವಳಿಗೆ ಹೇಳುವ ಕೆಲಸ ಬಂತು. "ಮಗಳನ್ನ ಮೊದಲ ದಿನ ಈಜೋಕೆ ಕರ್ಕೊಂಡು ಹೋಗಿದ್ವಲ್ಲ, ಬರ್ತಾ ಒದ್ದೆ ತಲೇಲಿ ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿದ್ಲು," ಎಂದಳು. ಕೇಳುಗರಿಗೆ ಏನೂ ಅರ್ಥವಾಗಲಿಲ್ಲ. ನಾನು ನಾಲ್ಕನೆಯ ಲೋಟವನ್ನು ಎತ್ತಿದೆ. ಪ್ರಾಂತೀಯ ಸ್ಪರ್ಧೆಗೆ ಆಯ್ಕೆಯಾದೆವು! ಭಾವಮೈದುನ ಶಿಳ್ಳೆ ಹಾಕಿದ. ಹಲ್ಲಿನ ಡಾಕ್ಟರಾದವನು ಶಿಳ್ಳೆ ಹಾಕುವುದು ಸರಿಯೇ ಎಂದು ಆಮೇಲೆ ಕೇಳಬೇಕೆಂದಿದ್ದೆ, ಮರೆತೆ.

ಸಂಜೆಯವರೆಗೂ ಅಲ್ಲೇ ಇದ್ದೆವು. ಒಡತಿ ದ್ರಾಕ್ಷಿ ತುಳಿಯುವ ಹಳೆಯ ಕಲ್ಲುತೊಟ್ಟಿ ತೋರಿಸಿದಳು. ಯಾರೋ ಅಕಾರ್ಡಿಯನ್ ನುಡಿಸಿದರು. ನಾನು ಒಡತಿಯ ಜೊತೆ ಲೋಟಗಳನ್ನು ತೊಳೆದೆ: ಬಿಸಿನೀರು ಮಾತ್ರ, ಸಾಬೂನು ಕೂಡದು, ಒರೆಸುವ ಬಟ್ಟೆಗೂ ವಾಸನೆಯಿರಬಾರದು. ಇಂಥ ಶಿಸ್ತು ನಮ್ಮ ಪ್ರಯೋಗಾಲಯದಲ್ಲೂ ಇರಲಿಲ್ಲ. ಗೇಟಿನ ಫಲಕದಲ್ಲಿ ಎರಡು ತಪ್ಪುಗಳಿವೆ. ಹೋದ ಸಲ ನೋಡಿದಾಗಲೇ ಒಡತಿಗೆ ತಿಳಿಸಬೇಕೆಂದುಕೊಂಡಿದ್ದೆ. ಮನೆಗೆ ಬಂದ ಮೇಲೆ ನೆನಪಾಯಿತು. ಛತ್ರಿಯನ್ನೂ ಅಲ್ಲೇ ಬಿಟ್ಟುಬಂದಿದ್ದೇನೆ.

ಸೆಪ್ಟೆಂಬರ್ ೬, ಭಾನುವಾರ

ಒಂದು ಸಂಗತಿ ನನ್ನನ್ನು ಕಾಡುತ್ತಿದೆ. ಪ್ರಾಂತೀಯ ಸ್ಪರ್ಧೆಯಲ್ಲಿ ಹೇಳುವ ಕೆಲಸ ನನಗೇ ಬಂದರೆ? ಇಂದು ಒಬ್ಬನೇ ಅಡುಗೆಮನೆಯ ತೊಟ್ಟಿಯ ಮುಂದೆ ನಿಂತು ಪ್ರಯತ್ನಿಸಿದೆ. ಒಂದು ಗುಟುಕು ಕುಡಿದೆ, ಕಣ್ಣು ಮುಚ್ಚಿದೆ, ಬಾಯಿ ತೆರೆದೆ. "ಆಮ್ಲತೆ ಮಧ್ಯಮ ಪ್ರಮಾಣದ್ದಾಗಿದೆ" ಎಂದು ಬಂತು. ಇನ್ನೊಮ್ಮೆ ತೆರೆದೆ. ಅದೇ ಬಂತು. ನಲ್ಲಿಯನ್ನು ತಿರುಗಿಸಿದರೆ ನೀರೇ ಬರುವ ಹಾಗೆ.

ಜೊತೆಗಾರರನ್ನು ಬದಲಿಸಲು ಶುಕ್ರವಾರದವರೆಗೆ ಅವಕಾಶವಿದೆ. ಊಟವಾದ ಮೇಲೆ ಇವಳಿಗೆ ಹೇಳಿದೆ: "ನಿನ್ನ ತಮ್ಮನನ್ನೇ ಕರೆದುಕೊಂಡು ಹೋಗುವುದು ಯುಕ್ತ. ನಾನು ಹೇಳುವವನಾದರೆ ನೀನು ವೇದಿಕೆಯ ಮೇಲೆ ನಿಲ್ಲುವುದು ಸಾಧ್ಯವಾಗಲಾರದು."

ಇವಳು ತಟ್ಟೆ ಎತ್ತುತ್ತಿದ್ದವಳು ನಿಂತಳು. "ಅವನ ಜೊತೆ ಹೋದ್ರೆ ಗೆದ್ದೇ ಗೆಲ್ತೀನಿ. ಚಿಕ್ಕಂದಿನಿಂದ ಒಂದೇ ಅಡುಗೆಮನೇಲಿ ಬೆಳೆದಿದೀವಿ, ಅವನು ಕೆಮ್ಮಿದ್ರೂ ನಂಗೆ ಅರ್ಥ ಆಗುತ್ತೆ."

"ಮತ್ತೆ?"

"ಮತ್ತೇನು? ನಿಮ್ಮ ಜೊತೇನೂ ಅಷ್ಟೇ ವರ್ಷ ಒಂದೇ ಅಡುಗೆಮನೇಲಿ ಇದೀನಲ್ಲ. ನಿಮ್ಮ ಬಾಯಿಂದ ಒಂದು ಮಾತು ಬರುತ್ತೇನೋ ನೋಡೋಣ ಅಂತ." ತಟ್ಟೆ ತೊಳೆಯುತ್ತ ಮತ್ತೆ ಅಂದಳು: "ಪಾಠ ಬಿಟ್ಟು."

ಶುಕ್ರವಾರ ಇನ್ನೂ ದೂರವಿದೆ.

ಸೆಪ್ಟೆಂಬರ್ ೧೧, ಶುಕ್ರವಾರ

ಇವಳು ಬದಲಿಸಲಿಲ್ಲ.

ಸೆಪ್ಟೆಂಬರ್ ೧೩, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ.

ಸ್ಪರ್ಧೆ ನಡೆದದ್ದು ಹಳೆಯ ಗೋದಾಮಿನಲ್ಲಿ. ಎತ್ತರದ ಚಾವಣಿ, ಗೋಡೆಗುಂಟ ಮೂವತ್ತಕ್ಕೂ ಹೆಚ್ಚು ವೈನರಿಗಳ ಮೇಜುಗಳು, ಮಧ್ಯದಲ್ಲಿ ಕುರ್ಚಿಗಳ ಸಾಲು, ಕೊನೆಯಲ್ಲಿ ಸಣ್ಣ ವೇದಿಕೆ. ಇಳಿಜಾರಿನ ಒಡತಿಗೆ ಬೆಳ್ಳಿಯ ಪದಕ ಬಂತು, ಅದೂ ಆ ನೆರಳಿಗೆ ಸರಿಸಿದ ಪೀಪಾಯಿಗೇ. ಓಡಿಬಂದು ಇವಳನ್ನು ಅಪ್ಪಿಕೊಂಡು ನೆಲದಿಂದ ಎತ್ತಿದಳು. ನನ್ನ ಛತ್ರಿಯನ್ನೂ ತಂದಿದ್ದಳು.

ಮಧ್ಯಾಹ್ನ ಜೋಡಿ ಸ್ಪರ್ಧೆ. ಪ್ರತಿ ಜೋಡಿಗೂ ಮೂರು ವೈನ್. ವೇದಿಕೆಯ ಕೆಳಗೆ, ಪರದೆ ಕಟ್ಟಿದ ಮೇಜಿನ ಹತ್ತಿರ ಚೀಟಿ ಎತ್ತಿದೆವು. 'ಹೇಳುವವರು' ನಾನು.

ಇವಳ ಮುಖ ನೋಡಿದೆ. ಇವಳು ನನ್ನ ಕಾಲರನ್ನು ಸರಿಮಾಡಿ ಪರದೆಯ ಆಚೆಗೆ ಹೋದಳು.

ಮೊದಲ ವೈನ್. ಎದುರಿಗೆ ಮುನ್ನೂರು ಜನ, ಅವರಲ್ಲಿ ಹಳೆಯ ವಿದ್ಯಾರ್ಥಿಗಳೇ ಎಷ್ಟೋ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ಆಮ್ಲತೆ ಮಧ್ಯಮ ಪ್ರಮಾಣದ್ದಾಗಿದೆ," ಎಂದೆ. ಪರದೆಯ ಆಚೆ ಇವಳು ಉಸಿರು ಬಿಟ್ಟದ್ದು ಕೇಳಿಸಿತು. ಆ ಉಸಿರನ್ನು ನಾನು ಬಲ್ಲೆ. ನಾನು ಭಾಷಣ ಶುರುಮಾಡಿದಾಗಲೆಲ್ಲ ಎರಡನೇ ಸಾಲಿನಿಂದ ಬರುತ್ತಿದ್ದುದು ಅದೇ. ಉತ್ತರ ತಪ್ಪಾಯಿತು.

ಎರಡನೆಯದನ್ನು ಬಾಯಿಗಿಟ್ಟಾಗ ಕೈಪಿಡಿ ಇಡಿಯಾಗಿ ತಲೆಯಲ್ಲಿತ್ತು, ಆದರೆ ಯಾವ ಪುಟವೂ ತೆರೆಯಲಿಲ್ಲ. ಗಡಿಯಾರ ಓಡುತ್ತಿತ್ತು. ಯಾರೋ ಕೆಮ್ಮಿದರು. ಆಗ ನಾಲಗೆಯ ಮೇಲೆ ಒಂದು ತಣ್ಣನೆಯ, ಕಲ್ಲಿನಂಥ ರುಚಿ ಹಾದುಹೋಯಿತು.

"ಮಗಳು ಸ್ಲೇಟನ್ನ ನೆಕ್ಕಿ ಒರೆಸ್ತಿದ್ಲಲ್ಲ," ಎಂದೆ. "ನೀನು ಬೈದು, ಬಾಯಿ ಮುಚ್ಚಿಸೋಕೆ ಹಸಿರು ಸೇಬಿನ ಹೋಳು ಕೊಟ್ಟೆ. ಅವಳು ಸೇಬಿನ ಹೋಳಲ್ಲೇ ಸ್ಲೇಟ್ ಒರೆಸಿದ್ಲು."

ಸಭೆ ನಕ್ಕಿತು. ಆಚೆ ಒಂದು ಲೋಟ ಮೇಜಿನ ಮೇಲೆ ಟಕ್ಕೆಂದು ಮುಂದೆ ಬಂತು. ಸರಿ.

ಮೂರನೆಯದು ಹಳೆಯ ವೈನ್. ಮೂಗಿನ ಹತ್ತಿರ ತಂದೆ, ಅಷ್ಟೇ. ಕುಡಿಯಲೂ ಇಲ್ಲ.

"ಮದುವೆಯಾದ ಹೊಸದರಲ್ಲಿ ಸೈಕಲ್ ಅಂಗಡಿ ಮೇಲಿನ ರೂಮಲ್ಲಿ ಇದ್ವಲ್ಲ. ಕೆಳಗಡೆ ಅಂಗಡಿಯವನು ಟ್ಯೂಬಿಗೆ ಪಂಕ್ಚರ್ ಹಾಕ್ತಿದ್ದ. ನೀನು ಹೆಣೆದ ಸ್ವೆಟರನ್ನ ಮಳೇಲಿ ಒದ್ದೆ ಮಾಡ್ಕೊಂಡು ನಾನು ಬಂದಿದ್ದೆ. ಒಂದು ಸ್ಟೌ ಮೇಲೆ ಹಣ್ಣಿನ ಪಾಕ ಕುದೀತಿತ್ತು, ಇನ್ನೊಂದರ ಮೇಲೆ ಸ್ವೆಟರ್ ಒಣಗೋಕೆ ಹಾಕಿ ನಾವಿಬ್ರೂ ಕಿಟಕೀಲಿ ನಿಂತು..."

"ಎಡಗೈ!" ಎಂದು ಇವಳು ಆಚೆಯಿಂದ ಕೂಗಿದಳು. "ಸ್ವೆಟರಿನ ಎಡಗೈ ಪೂರ್ತಿ ಸುಟ್ಟುಹೋಯ್ತು! ಎರಡನೇ ಲೋಟ!"

"ಇನ್ನೂ ಸಮಯ ಇದೆ," ಎಂದರು ಮುಖ್ಯ ತೀರ್ಪುಗಾರ್ತಿ, ಕನ್ನಡಕದ ಮೇಲಿಂದ ನೋಡುತ್ತ.

"ಯಾಕಮ್ಮಾ? ಮುಂದಿನದು ಜನರ ಎದುರಿಗೆ ಹೇಳೋದಲ್ಲ."

ಗೋದಾಮು ಬಿದ್ದುಬಿದ್ದು ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಆಗ ಔಷಧಿ ಅಂಗಡಿಯವನು ಎದ್ದುನಿಂತ.

"ಒಂದು ಆಕ್ಷೇಪಣೆ. ಸ್ವೆಟರ್, ಸೈಕಲ್ ಅಂದ್ರೆ ಇದು ಇವರಿಬ್ಬರ ಸಂಕೇತ ಅಲ್ವಾ? ಮೊದಲೇ ಗೊತ್ತುಮಾಡ್ಕೊಂಡಿರೋದನ್ನ ಬಳಸೋ ಹಾಗಿಲ್ಲ. ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನಿಯಮ ಅಂದ್ರೆ ನಿಯಮ ಅಂತ ನೀವೇ ಹೇಳಿಕೊಟ್ಟಿದ್ದು."

ಆಕ್ಷೇಪಣೆ ಕ್ರಮಬದ್ಧವಾಗಿತ್ತು. ನಾನಾಗಿದ್ದರೂ ಅದನ್ನೇ ಎತ್ತುತ್ತಿದ್ದೆ. ತೀರ್ಪುಗಾರ್ತಿ ಪರದೆ ಸರಿಸಿ ಇವಳನ್ನು ಕೇಳಿದರು: "ನಿಜ ಹೇಳಿ. ಈ ಸ್ವೆಟರ್ ವಿಷಯ ನೀವಿಬ್ರೂ ಮೊದಲೇ ಮಾತಾಡ್ಕೊಂಡಿದ್ರಾ?"

"ಮಾತಾಡ್ಕೊಂಡಿದ್ವಿ," ಎಂದಳು ಇವಳು. "ಸ್ವೆಟರ್ ಸುಟ್ಟ ದಿನ. ಆಮೇಲೆ ಇವತ್ತೇ."

ತೀರ್ಪುಗಾರ್ತಿ ನಗಲಿಲ್ಲ. ಎರಡನೇ ಲೋಟವನ್ನು ತಾವೇ ತೆಗೆದುಕೊಂಡು ಬಹಳ ಹೊತ್ತು ಮೂಸಿದರು. ಒಂದು ಗುಟುಕು ಬಾಯಲ್ಲಿಟ್ಟು ಚಾವಣಿ ನೋಡಿದರು, ಬಕೆಟ್ಟಿಗೆ ಉಗುಳಿದರು. ಇವಳು ಸೆರಗಿನ ಅಂಚನ್ನು ಹಿಡಿದು ಹಿಂಡುತ್ತಿದ್ದಳು.

"ರಬ್ಬರ್ ಇದೆ," ಎಂದರು. "ಸುಟ್ಟ ಉಣ್ಣೆ... ಇದೆ. ಆ ಪಾಕ ತಳ ಹಿಡಿದಿತ್ತಾ?"

"ಹಿಡಿದಿತ್ತು," ಎಂದೆವು ಇಬ್ಬರೂ.

"ಹಂಗಿದ್ರೆ ಇದು ಸಂಕೇತ ಅಲ್ಲ, ವಾಸನೆ. ನಂಗೂ ಸಿಕ್ತು. ಉತ್ತರ ಸರಿ."

ಔಷಧಿ ಅಂಗಡಿಯ ದಂಪತಿ ಮೂರಕ್ಕೆ ಮೂರನ್ನೂ ಸರಿಯಾಗಿ ಹೇಳಿ ಮೊದಲ ಸ್ಥಾನ ಪಡೆದರು, ಯೋಗ್ಯವಾಗಿಯೇ ಪಡೆದರು. ನಮಗೆ ಎರಡನೆಯದು.

ವೇದಿಕೆ ಕಿರಿದಾದ್ದರಿಂದ ಜೋಡಿಗೆ ಒಬ್ಬರೇ ಮೇಲೆ ಬರಬೇಕೆಂದು ಪ್ರಕಟಿಸಿದರು. ಅಭ್ಯಾಸಬಲದಿಂದ ನಾನು ಅರ್ಧ ಎದ್ದಿದ್ದೆ. ಭಾವಮೈದುನ ನನ್ನ ಕೋಟಿನ ಅಂಚು ಹಿಡಿದ. ಅವನು ಹಿಡಿಯುವ ಮೊದಲೇ ಕುಳಿತೆನೆಂದು ನನ್ನ ನೆನಪು. ಇವಳು ಮೂರು ಮೆಟ್ಟಿಲು ಹತ್ತಿ ಮೇಲೆ ನಿಂತಳು. ಮೈಕು ಅವಳಿಗಿಂತ ಎತ್ತರವಿತ್ತು, ಯಾರೂ ತಗ್ಗಿಸಲಿಲ್ಲ, ಅವಳೇ ತಗ್ಗಿಸಿಕೊಂಡಳು. ಏನು ಹೇಳಿದಳೆಂದು ಪೂರ್ತಿ ಕೇಳಿಸಲಿಲ್ಲ, ಏಕೆಂದರೆ ನನಗೆ ಸಿಕ್ಕಿದ್ದು ಎರಡನೇ ಸಾಲು, ಮುಂದೆ ದೊಡ್ಡ ಟೋಪಿಯವರೊಬ್ಬರು ಕುಳಿತಿದ್ದರು. ಎರಡನೇ ಸಾಲಿನಿಂದ ವೇದಿಕೆ ಇಷ್ಟು ದೂರವೆಂದು ಗೊತ್ತಿರಲಿಲ್ಲ. ಕುರ್ಚಿಯೂ ಗಟ್ಟಿ. ಕತ್ತನ್ನು ಅತ್ತಿತ್ತ ಹೊರಳಿಸಿ, ಟೋಪಿಯ ಅಂಚು ಮತ್ತು ಕಂಬದ ನಡುವಿನ ಕಿಂಡಿಯಿಂದ ನೋಡಿದೆ. ಇವಳು ನಗುತ್ತಿದ್ದಳು, ಮೂಗು ಸೊಟ್ಟ ಮಾಡಿಕೊಂಡು.

ಅಂಗೈ ಈಗಲೂ ಕೆಂಪಗಿದೆ. ಚಪ್ಪಾಳೆ ಕೊಂಚ ಹೆಚ್ಚಾಯಿತೆಂದು ಕಾಣುತ್ತದೆ.

ಬಸ್ಸಿನಲ್ಲಿ ಇವಳು ಬಹುಮಾನದ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು, "ನೀನು ಮುಂದಿನ ವರ್ಷಕ್ಕೆ ಬೇರೆ ಜೋಡಿ ನೋಡ್ಕೊಳಪ್ಪಾ," ಎಂದಳು ತಮ್ಮನಿಗೆ.

"ಗೆಲ್ಲೋದು ಬೇಡ್ವಾ ಅಕ್ಕ?"

"ಬೇಕು. ಅದಕ್ಕೇ."

ಸೆಪ್ಟೆಂಬರ್ ೧೪, ಸೋಮವಾರ

ಬೆಳಿಗ್ಗೆ ಅಡುಗೆಮನೆಯ ಡಬ್ಬಿಗಳು ಮೊದಲಿನ ಸ್ಥಾನಗಳಿಗೆ ಮರಳಿರುವುದನ್ನು ಕಂಡೆ. ಚಹಾ ಚೆನ್ನಾಗಿತ್ತು.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಭಾವಮೈದುನ ಬಂದು ಬಾಗಿಲಲ್ಲೇ ನಿಂತು, "ಭಾವ, ನಿನ್ನೆ ಅಕ್ಕ ಮೇಲೆ ನಿಂತಾಗ ನಿಮಗೆ ಹೇಗನ್ನಿಸ್ತು? ಸರಿಯಾಗಿ ಹೇಳಿ, ಪಾಠ ಬೇಡ," ಎಂದ.

ನಿಖರವಾದ ಉತ್ತರ ಕೊಡುವುದು ನನ್ನ ಕ್ರಮ.

"ಒಂಥರಾ ಇತ್ತು," ಎಂದೆ.

ಅವನು ಸರಿಯೆಂದು ತಲೆಯಾಡಿಸಿ ಹೋದ. ಒಳಗೆ ಇವಳು ಜೋರಾಗಿ ನಕ್ಕಳು. ಏಕೆಂದು ತಿಳಿಯಲಿಲ್ಲ, ಕೇಳಬೇಕು.